ಮಾಯದ ವಸ್ತುಗಳಿಗೆ ಹೆಸರು: 36 ಇವೆ, ಎಲ್ಲವೂ ‘ದಿವ್ಯ’, ‘ಮಾಯಾ’ ಆಗಿ ಕೂತಿವೆ

ಕಲ್ಲುಗಿಂಡಿ
ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಕಥೆಯಾಟ, ಆಡುವವರು ಐದು ಜನ. ಕಲ್ಪಿತ ನಾಡು: ಕೆಳಗೆ ಬಂದರು, ನಡುವೆ ಘಟ್ಟದ ಕಾಡು, ಮೇಲೆ ಬಯಲುಸೀಮೆಯ ಕೋಟೆ. ಮಾಯದ ವಸ್ತು ಒಟ್ಟು 36. ಇದೇ ಪಟ್ಟಿ ಮುಂದೆ ಸಣ್ಣದೊಂದು ಮೊಬೈಲ್ ಆಟಕ್ಕೂ ಹೋಗಬೇಕು, ಅಲ್ಲಿ ಹೆಸರಿಗೆ 18 ಅಕ್ಷರದ ಜಾಗ. ಮಾದರಿಗೆ ಆರು:

ಅಗ್ನಿ ಕತ್ತಿ: ಹತ್ತಿರದಲ್ಲಿ ಯಾರಾದರೂ ಕೊಟ್ಟ ಮಾತಿಗೆ ತಪ್ಪಿದರೆ ಅಲಗು ಹೊತ್ತಿಕೊಳ್ಳುತ್ತದೆ.
ಕಾಲ ಉಂಗುರ: ದಿನಕ್ಕೊಮ್ಮೆ, ಹತ್ತು ಎಣಿಸುವಷ್ಟು ಹೊತ್ತು ಹಿಂದಕ್ಕೆ ಹೋಗಬಹುದು.
ಅಮೃತ ಪಾತ್ರೆ: ಮೂರು ಗುಟುಕು, ಕುಡಿದರೆ ಗಾಯ ಮಾಯುತ್ತದೆ. ಆಮೇಲೆ ಮಳೆ ಬೀಳುವ ತನಕ ಖಾಲಿ.
ಭವಿಷ್ಯ ದರ್ಪಣ: ನಾಳೆ ಆಗುವುದನ್ನು ತೋರಿಸುತ್ತದೆ, ನೋಡುವವನನ್ನು ಮಾತ್ರ ತೋರಿಸುವುದಿಲ್ಲ.
ಸರ್ಪ ಚೂರಿ: ವಿಷದ್ದು. ಒಡೆಯನಿಗೂ ಅಪಾಯ.
ಝರ್ಕೋನ್ ದಂಡ: ಬೆಂಕಿ ಉಗುಳುವ ಕೋಲು.

ಕಿವಿಗೆ ಎಲ್ಲವೂ ಒಂದೇ ಥರ ಕೇಳಿಸುತ್ತಿವೆ. ಎಲ್ಲಿ ತಪ್ಪಿದೆ?

ಪಗಡೆಕಾಯಿ
ಮೊದಲ ತಪ್ಪು, 36ಕ್ಕೂ ಹೆಸರಿಡಲು ಹೊರಟಿರುವುದು. ಶಾಲೆಯ ವ್ಯಾಕರಣದಲ್ಲಿ ರೂಢನಾಮ, ಅನ್ವರ್ಥನಾಮ, ಅಂಕಿತನಾಮ ಅಂತ ಬಾಯಿಪಾಠ ಮಾಡಿರುತ್ತೇವಲ್ಲ, ಪಟ್ಟಿಯನ್ನು ಹಾಗೇ ಮೂರು ರಾಶಿ ಮಾಡಿ. 22 ವಸ್ತು ರೂಢನಾಮದಲ್ಲೇ ಇರಲಿ: ಬೆಳ್ಳಿ ತಾಯಿತ, ತಾಮ್ರದ ಕಡಗ, ಮೂಳೆ ಹಿಡಿಯ ಬಾಕು. ಹತ್ತಕ್ಕೆ ಜನ ಅದರ ಕೆಲಸ ನೋಡಿ ಕರೆದ ಹೆಸರು. ನಾಲ್ಕಕ್ಕೆ ಮಾತ್ರ ಅಂಕಿತನಾಮ, ಅಂದರೆ ಇಡೀ ನಾಡಿನಲ್ಲಿ ಆ ಹೆಸರಿನದು ಅದೊಂದೇ.

ಕಥಾಸರಿತ್ಸಾಗರದ ಪುತ್ರಕನ ಕಥೆ ನೋಡಿ. ಮೆಟ್ಟಿದರೆ ಹಾರಿಸುವ ಪಾದುಕೆ, ಬರೆದದ್ದನ್ನು ನಿಜ ಮಾಡುವ ಕೋಲು, ಬೇಕೆಂದ ಊಟ ಕೊಡುವ ಪಾತ್ರೆ. ಮೂರಕ್ಕೂ ಸ್ವಂತ ಹೆಸರಿಲ್ಲ. ಕೇಳಿದವರು ಮರೆಯುವುದೂ ಇಲ್ಲ, ಯಾಕೆಂದರೆ ಕೆಲಸವೇ ಗುರುತು.

ಇನ್ನೊಂದು ಸಂಗತಿ: ಪ್ರತಿ ವಸ್ತುವಿಗೂ ಚೀಟಿಯ ಮುಂದೆ ನೋಟದ ಹೆಸರು, ಹಿಂದೆ ನಿಜದ ಹೆಸರು ಬರೆಯಿರಿ. ಸಿಕ್ಕ ದಿನವೇ ‘ಅಮೃತ ಪಾತ್ರೆ’ ಅಂತ ಹೇಳಿಬಿಟ್ಟರೆ ಪರೀಕ್ಷಿಸಿ ನೋಡುವ ಆಟವೇ ಹೋಯಿತು. ‘ಮೂತಿ ಸೊಟ್ಟಗಾದ ಹಿತ್ತಾಳೆ ಗಿಂಡಿ’ ಅನ್ನಿ. ನೆಟ್‌ಹ್ಯಾಕ್‌ನಂಥ ಹಳೇ ಕಂಪ್ಯೂಟರ್ ಆಟಗಳು ಇದನ್ನೇ ಮಾಡಿದ್ದು: ಸೀಸೆಯಲ್ಲಿ ಮೊದಲು ಬಣ್ಣ ಮಾತ್ರ ಕಾಣುತ್ತದೆ, ಗುಣ ತಿಳಿದ ಮೇಲೆ ಹೆಸರು ಬರುತ್ತದೆ.

ಒರೆಗಲ್ಲು
ಎಲ್ಲವೂ ಒಂದೇ ಥರ ಕೇಳಿಸಲು ಕಾರಣ, ಆರರಲ್ಲಿ ಐದು ಹೆಸರು ‘ಇದು ಮಾಯದ್ದು’ ಎಂಬುದನ್ನು ಬಿಟ್ಟು ಬೇರೇನೂ ಹೇಳುತ್ತಿಲ್ಲ. ಭಗವದ್ಗೀತೆಯ ಮೊದಲ ಅಧ್ಯಾಯದ 15, 16ನೇ ಶ್ಲೋಕ ತೆಗೆದು ನೋಡಿ. ಸಾಲಾಗಿ ಶಂಖಗಳ ಹೆಸರಿವೆ. ಪಾಂಚಜನ್ಯ: ಪಂಚಜನ ಎಂಬ ಅಸುರನಿಂದ ಬಂದದ್ದು, ಅಂದರೆ ಹುಟ್ಟು. ದೇವದತ್ತ: ಕೊಟ್ಟವರು ಯಾರು. ಅನಂತವಿಜಯ: ಒಡೆಯನ ಹಂಬಲ. ಸುಘೋಷ: ದನಿ. ಮಣಿಪುಷ್ಪಕ: ನೋಟ. ಎಲ್ಲವೂ ಶಂಖವೇ, ಆದರೆ ಒಂದೊಂದಕ್ಕೂ ಹೆಸರು ಹುಟ್ಟಿದ ದಾರಿ ಬೇರೆ. ಒಂದರಲ್ಲೂ ಮಾಯಾ, ದಿವ್ಯ, ಮಂತ್ರ ಇಲ್ಲ. ‘ಶಂಖ’ ಎಂಬ ಮಾತೂ ಇಲ್ಲ!

ಶಂಖದಾಚೆಗೆ ಬಂದರೆ ಶಾರ್ಙ್ಗ ಎಂದರೆ ಶೃಂಗದ್ದು, ಕೊಂಬಿನಿಂದ ಮಾಡಿದ ಬಿಲ್ಲು. ಅಲ್ಲಿ ಹೆಸರು ಬಂದದ್ದು ಮಾಡಿದ ಸಾಮಗ್ರಿಯಿಂದ. ಚಂದ್ರಹಾಸ ಆಕಾರದಿಂದ, ಬಾಗಿದ ಅಲಗಿನ ಹೊಳಪಿನಿಂದ. ಶತಘ್ನಿ ಲೆಕ್ಕದಿಂದ, ಒಮ್ಮೆಗೆ ನೂರು.

ಹಾಗಾಗಿ ವಸ್ತುವೊಂದಕ್ಕೆ ಹೆಸರು ಹುಡುಕುವಾಗ ಒಂದು ಹಾಳೆಯಲ್ಲಿ ಏಳು ಸಾಲು ಬರೆದುಕೊಳ್ಳಿ: ಹುಟ್ಟು, ಕೊಟ್ಟವರು, ಸಾಮಗ್ರಿ, ಆಕಾರ, ದನಿ, ಲೆಕ್ಕ, ಕಟ್ಟಳೆ. ಅದು ‘ಏನು ಮಾಡುತ್ತದೆ’ ಎಂಬ ಸಾಲು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿಂದ ಹೊರಟರೆ ಎಲ್ಲರಿಗೂ ಅಗ್ನಿಖಡ್ಗವೇ ಸಿಗುವುದು. ಕೊನೆಯ ಸಾಲು ಕಟ್ಟಳೆ, ಎಲ್ಲಕ್ಕಿಂತ ಕೆಲಸದ್ದು ಅದೇ. ಅಕ್ಷಯಪಾತ್ರೆ ನೆನಪಿರುವುದು ಅದು ಅಕ್ಷಯ ಅಂತ ಅಲ್ಲ, ದ್ರೌಪದಿ ಉಂಡ ಮೇಲೆ ಆ ದಿನಕ್ಕೆ ಮುಗಿಯಿತು ಅಂತ. ನಿಮ್ಮ ಆರು ವಸ್ತುಗಳಲ್ಲಿ ಕಟ್ಟಳೆ ಚೆನ್ನಾಗಿವೆ. ಹೆಸರಿನೊಳಗೆ ಮಾತ್ರ ಒಂದೂ ಬಂದಿಲ್ಲ.

ಸಂಧಿವಿಗ್ರಹಿ
ಇನ್ನು ಜೋಡಣೆಯ ಮಾತು. ‘ಅಗ್ನಿ ಕತ್ತಿ’ ಕಿವಿಗೆ ಚುಚ್ಚುವುದಕ್ಕೆ ಕಾರಣ ಅರಿಸಮಾಸ: ಸಂಸ್ಕೃತ ಪದ, ಕನ್ನಡ ಪದ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ್ದೀರಿ. 13ನೇ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಬೇಡ ಅಂದಿದ್ದಾನೆ. ಬಿರುದಾವಳಿಗೂ ಹಿಂದಿನ ಕವಿಗಳು ಬಳಸಿದ್ದಕ್ಕೂ ವಿನಾಯಿತಿ ಇದೆ. ನಿಮ್ಮ ಮುಂದೆ ಮೂರು ದಾರಿ:

ಎರಡೂ ಸಂಸ್ಕೃತ: ಅಗ್ನಿಖಡ್ಗ. ಎರಡೂ ಕನ್ನಡ: ಉರಿಗತ್ತಿ, ಕಿಡಿಗತ್ತಿ. ಇಲ್ಲವೇ ತದ್ಭವ ಮಾಡಿ ಜೋಡಿಸುವುದು. ಈ ಮೂರನೆಯದನ್ನು ಯಾರೂ ಬಳಸುವುದಿಲ್ಲ, ರುಚಿ ಇರುವುದು ಅಲ್ಲೇ. ವಜ್ರ ಬಜ್ಜರ ಆಗುತ್ತದೆ, ರತ್ನ ರನ್ನ, ಯಕ್ಷ ಜಕ್ಕ, ಸ್ಫಟಿಕ ಪಳಿಕು, ವಿದ್ಯೆ ಬಿಜ್ಜೆ. ಬಜ್ಜರಗತ್ತಿ, ರನ್ನಗನ್ನಡಿ, ಜಕ್ಕನ ಕೊಳಲು, ಪಳಿಕಿನ ಗಿಂಡಿ.

ಕನ್ನಡ ಪದ ಜೋಡಿಸುವಾಗ ಎರಡನೆಯ ಪದದ ಮೊದಲಕ್ಷರ ಮೆತ್ತಗಾಗುವುದನ್ನು ಮರೆಯಬೇಡಿ. ಮಳೆಗಾಲ, ಬೆಟ್ಟದಾವರೆ, ಕೈಗನ್ನಡಿ ಎಲ್ಲಾ ಹೀಗೇ ಆದದ್ದು. ಉರಿಕತ್ತಿ ಅಂದರೆ ಎರಡು ಪದ ಪಕ್ಕಪಕ್ಕ ನಿಂತ ಹಾಗೆ, ಉರಿಗತ್ತಿ ಅಂದರೆ ಒಂದು ವಸ್ತು. ಹೆಸರು ಹಳೆಯದು, ಬಾಯಲ್ಲಿ ಸವೆದದ್ದು ಎಂಬ ಭಾವ ಬರುವುದು ಈ ಒಂದು ಅಕ್ಷರದಿಂದ.

ಗುಣವಾಚಕದ ಮೊಟಕು ರೂಪಗಳೂ ಕೈಯಲ್ಲಿರಲಿ. ಹೊನ್ನು ಹೋಗಿ ಹೊಂ: ಹೊಂಬಿಲ್ಲು, ಹೊಂಗತ್ತಿ. ಕೆಂಪು ಹೋಗಿ ಕೆಂ: ಕೆಂಗಣ್ಣು, ಕೆಂದಾವರೆ. ಕಪ್ಪಿಗೆ ಕಾರ್: ಕಾರ್ಮುಗಿಲು. ತಂಪಿಗೆ ತಣ್: ತಂಗಾಳಿ, ಚಂದ್ರನಿಗೆ ತಣ್ಗದಿರ. ಉದ್ದಕ್ಕೆ ನಿಡು, ಚಿಕ್ಕದಕ್ಕೆ ಕಿರು, ಅತಿಗೆ ಕಡು. ನಿಡುಗತ್ತಿ, ಕಿರುಗತ್ತಿ ಎಂದರೆ ಗಾತ್ರವೂ ಹೇಳಿದಂತಾಯಿತು.

ಅಸ್ತ್ರಗಳ ಹೆಸರಿಗೆ ಬೇರೆ ಕ್ರಮ. ಅಗ್ನಿ ಅಸ್ತ್ರ ಅಲ್ಲ, ಆಗ್ನೇಯಾಸ್ತ್ರ. ವರುಣನದು ವಾರುಣಾಸ್ತ್ರ, ವಾಯುವಿನದು ವಾಯವ್ಯಾಸ್ತ್ರ, ಇಂದ್ರನದು ಐಂದ್ರಾಸ್ತ್ರ. ಕೈಯಲ್ಲಿ ಹಿಡಿದೇ ಹೊಡೆಯುವುದು ಶಸ್ತ್ರ, ಮಂತ್ರಿಸಿ ಬಿಡುವುದು ಅಸ್ತ್ರ. ಚೂರಿಗೆ ಅಸ್ತ್ರ ಅಂದರೆ ಓದಿದವರು ನಗುತ್ತಾರೆ.

ಜೋಳದರೊಟ್ಟಿ
ವ್ಯಾಕರಣ ಬರೋಬ್ಬರಿ ಐತ್ರಿ, ಆದ್ರ ಊರಾಗ ಮಂದಿ ಕೇಶಿರಾಜನ್ನ ಕೇಳಿ ಹೆಸರಿಡೂದಿಲ್ಲ. ಮಂಗಳಾರತಿ ಅನ್ನೂದೂ ಅರಿಸಮಾಸನ ಅಲ್ಲೇನ್ರಿ? ಇವ್ರ ನಾಡಿನ್ಯಾಗ ಬಯಲುಸೀಮಿ ಕೋಟಿ ಒಂದೈತಿ. ಅಲ್ಲಿ ಎಲ್ಲಾ ಅಚ್ಚಗನ್ನಡ ಇದ್ರ ಸುಳ್ಳು ಅನಸ್ತೈತಿ. ವಿಜಾಪುರದ ತೋಪು ನೋಡ್ರಿ, ಮಾಲಿಕ್-ಎ-ಮೈದಾನ್. 1549ರಾಗ ಅಹಮದ್‌ನಗರದಾಗ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿ ಹೆಂಗೈತಂದ್ರ, ಸಿಂಹದಂಥ ಮೃಗ ಒಂದು ಆನಿ ನುಂಗಾಕತ್ತೈತಿ. ಹೆಸರಿನ್ಯಾಗ ತೋಪು ಇಲ್ಲ, ಬೆಂಕಿ ಇಲ್ಲ, ಸಾವೂ ಇಲ್ಲ. ‘ಬಯಲಿನ ಒಡೆಯ’ ಅಷ್ಟ. ಎಲ್ಲಿ ತನಕ ಅದರ ಗುಂಡು ಮುಟ್ಟತೈತಿ ಅಲ್ಲಿ ತನಕ ಅದರ ರಾಜ್ಯ.

ಅದಕ್ಕ, ಕೋಟಿ ಕಡಿ ವಸ್ತುಕ್ಕ ತಲವಾರ, ಖಂಜರ, ಡಾಲು, ತೋಪು ಅನ್ರಿ. ಅಲ್ಲಿ ಖಡ್ಗ ಅಂದವ ಹೊರಗಿನಾಂವ ಅಂತ ಆಟ ಆಡೋರಿಗೆ ತಾನ ಗೊತ್ತಾಗತೈತಿ.

ಘಟ್ಟದಕೆಳಗೆ
ಅದು ಸರಿ ಮಾರಾಯ್ರೆ. ಊರು ಬದಲಾದ ಹಾಗೆ ಸಾಮಾನಿನ ಹೆಸರೂ ಬದಲಾಗಬೇಕು. ತರಕಾರಿ ಹೆಚ್ಚುವುದಕ್ಕೆ ಮೈಸೂರು ಕಡೆ ಈಳಿಗೆಮಣೆ, ಮಲೆನಾಡಿನ ಹವ್ಯಕರ ಮನೆಯಲ್ಲಿ ಮೆಟ್ಟುಗತ್ತಿ. ಕೊಡಗಿಗೆ ಹೋದರೆ ಬೆನ್ನಿಗೆ ಸಿಕ್ಕಿಸುವ ಅಗಲದ ಬಾಗು ಅಲಗಿನದು ಒಡಿಕತ್ತಿ, ಮುಂದೆ ಸೊಂಟಕ್ಕೆ ಸಿಕ್ಕಿಸುವುದು ಪೀಚೆಕತ್ತಿ. ‘ಕತ್ತಿ’ ಅಂತ ಒಂದೇ ಮಾತು ಬರೆದರೆ ಚಿತ್ರ ಬರೆಯುವವರಿಗೆ ಏನೂ ಗೊತ್ತಾಗುವುದಿಲ್ಲ. ಮಾಯದ ಮೆಟ್ಟುಗತ್ತಿ ಒಂದು ಪಟ್ಟಿಯಲ್ಲಿ ಇರಲಿ, ರಾಜನ ಕತ್ತಿಗಿಂತ ಅದೇ ಹೆಚ್ಚು ಹೆದರಿಸ್ತದೆ.

ಕೋಡುಬಳೆ
ಯಾರೂ ಗಮನಿಸಲಿಲ್ಲವೇ? ‘ಕಾಲ ಉಂಗುರ’ಕ್ಕೆ ಸಂಧಿವಿಗ್ರಹಿಯವರ ನಿಯಮ ಹಾಕಿ ನೋಡಿ. ಕಾಲ + ಉಂಗುರ, ಲೋಪಸಂಧಿ. ಕಾಲುಂಗುರ! ಕಾಲವನ್ನೇ ಹಿಂದಕ್ಕೆ ತಿರುಗಿಸುವ ಮಹಾಮಾಯೆ ಮದುವೆಯಾದವರ ಕಾಲಬೆರಳಿಗೆ ಬಂತು.

ಒರೆಗಲ್ಲು
ಹಾಗೇ ‘ಬೆಂಕಿ ಕೋಲು’ ಮಾಡಲು ಹೋದರೆ ಬೆಂಕಿಕಡ್ಡಿಯ ಪಕ್ಕಕ್ಕೆ ಬರುತ್ತದೆ. ಹಂಸದ ಗರಿ ಕಟ್ಟಿದ ಬಾಣಕ್ಕೆ ತದ್ಭವ ಬೇಕೆಂದರೆ ಹಂಸ ಅಂಚೆ ಆಗುತ್ತದೆ, ಬಾಣ ಅಂಚೆಬಾಣ. ಜನ ಪೋಸ್ಟಾಫೀಸು ಅಂದುಕೊಳ್ಳುತ್ತಾರೆ. ಜೋಡು ಅಂದರೆ ಹಿಂದೆ ಯುದ್ಧದ ಅಂಗಿ, ಈಗ ಕಾಲಿಗೆ ಹಾಕುವುದು. ‘ಉಕ್ಕಿನ ಜೋಡು’ ಬೇಡ, ‘ಮೈಜೋಡು’ ಅನ್ನಿ. ದಂಡಕ್ಕೆ ಎರಡು ಅರ್ಥ: ಕೋಲು, ಕಟ್ಟಬೇಕಾದ ದುಡ್ಡು. ಮಂತ್ರದಂಡ ರೂಢಿಯಲ್ಲಿದೆ, ನಡೆಯುತ್ತದೆ. ‘ಅರಸನ ದಂಡ’ ಅಂದರೆ ಎಷ್ಟು ವರಹ ಅಂತ ಕೇಳುತ್ತಾರೆ.

ಹೆಸರು ಗಟ್ಟಿ ಮಾಡುವ ಮೊದಲು ಮೂರು ಸಲ ಜೋರಾಗಿ ಹೇಳಿ, ಒಂದು ಸಲ ಬೇರೆಯವರಿಂದ ಬರೆಸಿ. ಕಿವಿಯಲ್ಲಿ ಕೇಳಿ ಅವರು ಬರೆದದ್ದು ನಿಮ್ಮ ಕಾಗುಣಿತಕ್ಕೆ ಹೊಂದದಿದ್ದರೆ ಹೆಸರು ಬದಲಾಯಿಸಿ. ಆಟದಲ್ಲಿ ಹೆಸರು ಹರಿದಾಡುವುದು ಕಿವಿಯಿಂದ ಕಿವಿಗೆ.

ಕಲ್ಲುಗಿಂಡಿ
ಕಾಲುಂಗುರ ನೋಡಿ ತಲೆ ಚಚ್ಚಿಕೊಂಡೆ. ಆದರೆ ಈಗ ಬಿಡಲು ಮನಸ್ಸಿಲ್ಲ, ವಸ್ತುವನ್ನೇ ಕಾಲುಂಗುರ ಮಾಡಿಬಿಡುತ್ತೇನೆ. ನೋಟದ ಹೆಸರು ‘ಬೆಳ್ಳಿ ಕಾಲುಂಗುರ’, ನಿಜದ ಹೆಸರೂ ಅದೇ. ಬಿಡಿಸಿ ಓದಿದವರಿಗೆ ಮಾತ್ರ ಗುಟ್ಟು ಸಿಗುತ್ತದೆ.

ಉಳಿದ ಪ್ರಶ್ನೆ: ಪುರಾತನ ವಸ್ತುಗಳಿಗೆ ಹಳಗನ್ನಡ ಹೆಸರು ಇಡಬಹುದೇ? ಝರ್ಕೋನ್‌ನಂಥ ‘ಅಪರಿಚಿತ’ ಹೆಸರಿನ ಉದ್ದೇಶ ಅದೇ ಆಗಿತ್ತು.

ಸಂಧಿವಿಗ್ರಹಿ
ಕಾಲುಂಗುರ ಒಪ್ಪಿದೆ. ಕೇಶಿರಾಜ ಒಪ್ಪದಿದ್ದರೂ.

ಝರ್ಕೋನ್ ಏಕೆ ಪರದೇಶಿ ಅನಿಸುತ್ತದೆ ಎಂದರೆ, ಅನುಕರಣ ಶಬ್ದ ಬಿಟ್ಟರೆ ಅಚ್ಚಗನ್ನಡದ ಮಾತು ಝದಿಂದ ಶುರುವಾಗುವುದಿಲ್ಲ. ಇಂದಿನ ಕನ್ನಡದ ಮಾತು ವ್ಯಂಜನದಲ್ಲಿ ಮುಗಿಯುವುದೂ ಅಪರೂಪ. ಕಡಲಾಚೆಯಿಂದ ಬಂದ ವಸ್ತು ಆಗಿದ್ದರೆ ಸರಿ. ನಿಮ್ಮ ಕೋಲು ಘಟ್ಟದ ಗುಹೆಯಲ್ಲಿ ಸಿಗುವುದಾದರೆ ತಪ್ಪು.

ಹಳತು ಅನಿಸಲು ಕನ್ನಡದಲ್ಲೇ ಏಣಿ ಇದೆ. ಹಳಗನ್ನಡದಲ್ಲಿ ಪದಗಳು ವ್ಯಂಜನದಲ್ಲಿ ಮುಗಿಯುತ್ತಿದ್ದವು, ಆಮೇಲೆ ಉ ಸೇರಿತು: ಬಿಲ್ ಬಿಲ್ಲಾಯಿತು, ಕಣ್ ಕಣ್ಣಾಯಿತು. ಪದದ ಮೊದಲ ಪ ಮುಂದೆ ಹ ಆಯಿತು: ಪುಲಿ ಹುಲಿ, ಪಾಲ್ ಹಾಲು, ಪೊನ್ ಹೊನ್ನು. ಒಂದೇ ವಸ್ತುವಿಗೆ ಮೂರು ಕಾಲದ ಹೆಸರು ಸಿಕ್ಕಿತು ನೋಡಿ: ಶಾಸನದಲ್ಲಿ ಪೊಂಬಿಲ್, ಲಾವಣಿಯಲ್ಲಿ ಹೊಂಬಿಲ್ಲು, ಊರವರ ಬಾಯಲ್ಲಿ ಚಿನ್ನದ ಬಿಲ್ಲು. ಮೂರೂ ಒಂದೇ ಅಂತ ಆಟಗಾರರೇ ಕಂಡುಹಿಡಿಯಲಿ, ಅದೇ ಒಂದು ಒಗಟು.

ಎಚ್ಚರ: ಎಲ್ಲ ಹಕಾರವನ್ನೂ ಪಕಾರ ಮಾಡಬೇಡಿ. ಹವಳ ಪವಳ ಆಗಿತ್ತು, ನಿಜ. ಆದರೆ ಹಾರ, ಹೋಮ ಸಂಸ್ಕೃತದವು. ಅವು ಎಂದೂ ಪಾರ, ಪೋಮ ಆಗಿರಲಿಲ್ಲ.

ಇನ್ನೊಂದು ಉಡುಗೊರೆ. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಎರಡು ಬೇರೆ ಅಕ್ಷರ, ಎರಡು ಬೇರೆ ದನಿ. ೞ ಮರೆಯಾದ ಮೇಲೆ ಎರಡೂ ‘ಬಾಳು’ ಆದವು. ನಿಮ್ಮ ನಾಲ್ಕು ಅಂಕಿತನಾಮಗಳಲ್ಲಿ ಒಂದು ಇದಾಗಲಿ. ಬಾಳು ಎಂಬ ಕತ್ತಿ, ಕಡಿಸಿಕೊಂಡವನ ಆಯುಸ್ಸನ್ನು ಹಿಡಿದವನಿಗೆ ಕೊಡುತ್ತದೆ. ಅಲಗಿನ ಮೇಲೆ ಯಾವ ಅಕ್ಷರ ಕೆತ್ತಿದೆ ಎಂಬುದರ ಮೇಲೆ ಅದು ಕೊಲ್ಲುವ ಕತ್ತಿಯೋ ಉಳಿಸುವ ಕತ್ತಿಯೋ ಗೊತ್ತಾಗುತ್ತದೆ.

ಕೋಡುಬಳೆ
ೞ ಬಳಸುವುದಾದರೆ ಮೊಬೈಲ್ ಆಟದ ಫಾಂಟ್ ಮೊದಲು ನೋಡಿ. ಎಷ್ಟೋ ಫಾಂಟ್‌ಗಳಲ್ಲಿ ೞ, ಱ ಇರುವುದಿಲ್ಲ, ಚೌಕಡಬ್ಬಿ ಬರುತ್ತದೆ. ಕಂಪ್ಯೂಟರುಗಳು ಬಳಸುವ ಯೂನಿಕೋಡ್ ಅಕ್ಷರಪಟ್ಟಿಯಲ್ಲಿ ೞ ಅಕ್ಷರದ ಹೆಸರೇ ತಪ್ಪಾಗಿ ‘ಎಫ್‌ಎ’ ಎಂದು ದಾಖಲಾಗಿದೆ. ಒಮ್ಮೆ ಇಟ್ಟ ಹೆಸರು ಅಲ್ಲಿ ಬದಲಾಯಿಸುವ ಹಾಗಿಲ್ಲ. ಹೆಸರಿಡುವವರ ಚರ್ಚೆಯಲ್ಲಿ ಇದನ್ನು ಹೇಳದಿದ್ದರೆ ಹೇಗೆ.

ಈಗ ಆ 18 ಅಕ್ಷರದ ಮಿತಿ. ಯಾವುದನ್ನು ಎಣಿಸುತ್ತಿದ್ದೀರಿ ಎಂದು ಖಚಿತ ಮಾಡಿಕೊಳ್ಳಿ. ‘ಮೂರುಗುಟುಕಿನ ಗಿಂಡಿ’ ಕಣ್ಣಿಗೆ 8 ಅಕ್ಷರ. ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ, ಕಾಗುಣಿತದ ಗುರುತು, ಸೊನ್ನೆ, ನಡುವಿನ ಖಾಲಿ ಜಾಗ ಸೇರಿ 17. ಆ ಸಂಕೇತಗಳನ್ನು ಉಳಿಸಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಒಟ್ಟು 49 ಬೈಟ್. ಮಿತಿ ಬೈಟ್‌ನದಾಗಿದ್ದರೆ ‘ಮೂರುಗು’ಗೆ ಹೆಸರು ಮುಗಿಯಿತು. ಸಂಕೇತದ ಮಿತಿಯಾಗಿದ್ದರೂ ಒತ್ತಕ್ಷರದ ನಡುವೆ ಕತ್ತರಿಸಿ ಅರ್ಧಾಕ್ಷರ ನೇತಾಡುತ್ತದೆ. ಕತ್ತರಿಸುವುದಾದರೆ ಇಡೀ ಅಕ್ಷರದ ಗಡಿಯಲ್ಲೇ ಕತ್ತರಿಸುವ ಕ್ರಮ ಬಳಸಿ. ಸಾಲಿನ ಎತ್ತರಕ್ಕೂ ಕೆಳಗೆ ಒತ್ತಕ್ಷರಕ್ಕೆ ಜಾಗ ಬಿಡಿ. ಇಂಗ್ಲಿಷ್ ಫಾಂಟ್‌ಗೆ ಹೊಲಿದ ಡಬ್ಬಿಯಲ್ಲಿ ‘ಕತ್ತಿ’ಯ ಬುಡ ಹೋಗುತ್ತದೆ.

ಮಿತಿಗಿಂತ ದೊಡ್ಡ ತೊಂದರೆ ವಿಭಕ್ತಿ. ‘ನೀನು [ವಸ್ತು]ಅನ್ನು ಎತ್ತಿಕೊಂಡೆ’ ಎಂಬ ಅಚ್ಚು ಮಾಡಿದರೆ ಕೆಟ್ಟಿರಿ. ಕತ್ತಿಯನ್ನು, ಉಂಗುರವನ್ನು, ಬಿಲ್ಲನ್ನು: ಮೂರಕ್ಕೆ ಮೂರು ರೂಪ. ವಾಕ್ಯವನ್ನೇ ತಿರುಗಿಸಿ: ‘ನಿನಗೆ [ವಸ್ತು] ಸಿಕ್ಕಿತು’, ‘[ವಸ್ತು] ಮುರಿಯಿತು’, ‘[ವಸ್ತು] ಈಗ ನಿನ್ನದು’. ಪ್ರಥಮಾ ವಿಭಕ್ತಿಯಲ್ಲಿ ಹೆಸರಿಗೆ ಏನೂ ಅಂಟುವುದಿಲ್ಲ. ತಪ್ಪಿಸಲಾಗದ ಕಡೆಗೆ ಪ್ರತಿ ವಸ್ತುವಿನ ಎದುರು ಮೂರು ಕಂಬ ಇಟ್ಟು ಕೈಯಾರೆ ತುಂಬಿ: ಹೆಸರು, -ಅನ್ನು ರೂಪ, -ಇಂದ ರೂಪ. 36 ವಸ್ತುವಿಗೆ 108 ಮನೆ, ಅರ್ಧ ಗಂಟೆಯ ಕೆಲಸ. ನಿಯಮ ಬರೆಯಲು ಹೋದರೆ ವಾರ ಹಿಡಿಯುತ್ತದೆ.

ಪಗಡೆಕಾಯಿ
ಉಳಿದ 22 ಸಾದಾ ವಸ್ತುಗಳ ಹೆಸರನ್ನು ಕಂಪ್ಯೂಟರಿನಿಂದಲೇ ಜೋಡಿಸಬಹುದಲ್ಲ? ಡಯಾಬ್ಲೊ ಎಂಬ ಕಂಪ್ಯೂಟರ್ ಆಟದಲ್ಲಿ ಮಾಡಿದ ಹಾಗೆ, ಹಿಂದೊಂದು ಮುಂದೊಂದು ಗುಣ ಅಂಟಿಸಿ.

ಕೋಡುಬಳೆ
ಅಲ್ಲಿ ಅದು ನಡೆಯುವುದು ಇಂಗ್ಲಿಷಿನಲ್ಲಿ ಒಂದು ಗುಣ ವಸ್ತುವಿನ ಮುಂಚೆ, ಇನ್ನೊಂದು ನಂತರ ಬರುವುದರಿಂದ. ಕನ್ನಡದಲ್ಲಿ ಎರಡೂ ಮುಂಚೆಯೇ ಬರಬೇಕು. ‘ಕರಡಿಯ ಉರಿವ ಕತ್ತಿ’ ಎಂದರೆ ಉರಿಯುತ್ತಿರುವುದು ಏನು? ಗುಣ ಒಂದೇ ಸಾಕು.

ಮಾಡುವುದಾದರೆ ಹೀಗೆ. ಮೊದಲ ಪಟ್ಟಿಯಲ್ಲಿ 14 ಮಾತು, ಎರಡನೆಯದರಲ್ಲಿ 8 ವಸ್ತು. ಎರಡನೇ ಪಟ್ಟಿಯ ಪ್ರತಿ ವಸ್ತುವಿಗೂ ಎರಡು ರೂಪ ಇರಲಿ: ಬಿಡಿಯಾಗಿ ಕತ್ತಿ, ಜೋಡಿದಾಗ ಗತ್ತಿ. ಕೋಲು, ಗೋಲು. ಕನ್ನಡಿ, ಗನ್ನಡಿ. ಬಿಲ್ಲು ಬದಲಾಗುವುದಿಲ್ಲ. ತಾಯಿತಕ್ಕೆ ನಿಯಮದ ಪ್ರಕಾರ ದಾಯಿತ ಆಗಬೇಕು, ಯಾರಿಗೂ ತಿಳಿಯುವುದಿಲ್ಲ, ಹಾಗೇ ಬಿಡಿ. ಸ್ವರದಿಂದ ಶುರುವಾಗುವ ಉಂಗುರಕ್ಕೆ ಮೊದಲ ಮಾತಿನ ಕೊನೆ ನೋಡಬೇಕು: ಹಾವುಂಗುರ, ಮಳೆಯುಂಗುರ. 14ನ್ನು 8ರಿಂದ ಗುಣಿಸಿದರೆ 112. ಎಲ್ಲವನ್ನೂ ಅಚ್ಚು ಹಾಕಿ ಕೆಂಪು ಪೆನ್ನು ಹಿಡಿದು ಕೂರಿ. ಮೂವತ್ತು ಉಳಿದರೆ ಪುಣ್ಯ. ಆ ಮೂವತ್ತನ್ನೇ ಆಟಕ್ಕೆ ಹಾಕಿ, ಜೋಡಿಸುವ ಯಂತ್ರವನ್ನಲ್ಲ. ಇಲ್ಲದಿದ್ದರೆ ಮಳೆಗಾಲದ ಪಕ್ಕದಲ್ಲಿ ಒಂದು ದಿನ ‘ಮಳೆಗೋಲು’ ಬಂದು, ಅದು ಛತ್ರಿಯೇ ಅಂತ ಯಾರೋ ಕೇಳುತ್ತಾರೆ.

ಘಟ್ಟದಕೆಳಗೆ
ಶಾಪದ ವಸ್ತುಗಳ ಬಗ್ಗೆ ಯಾರೂ ಮಾತೇ ಆಡಲಿಲ್ಲ. ‘ಸರ್ಪ ಚೂರಿ’, ‘ಮೃತ್ಯು ಹಾರ’ ಅಂತ ಬರೆದರೆ ಯಾರೂ ಹೆದರುವುದಿಲ್ಲ. ನಮ್ಮಲ್ಲಿ ಹೆದರಿಕೆಯದ್ದಕ್ಕೆ ಹೆಸರು ಹಿಡಿದು ಕರೆಯುವುದುಂಟಾ? ಹಾವು ಕಚ್ಚಿದರೆ ‘ಹುಳ ಮುಟ್ಟಿತು’. ಸಿಡುಬಿಗೆ ‘ಅಮ್ಮ’. ಬಳೆ ಒಡೆದರೆ ‘ಹೆಚ್ಚಿತು’ ಅನ್ನಬೇಕು, ಒಡೆಯಿತು ಅನ್ನಬಾರದು. ಅಪಾಯ ದೊಡ್ಡದಾದಷ್ಟೂ ಮಾತು ಮೆತ್ತಗೆ.

ಹಾಗಾಗಿ ಆ ಚೂರಿಯ ಹೆಸರು ‘ಹುಳ’. ಅಷ್ಟೇ. ಕಟ್ಟಳೆ ಕೂಡ ಅದರಲ್ಲೇ ಉಂಟು: ಕತ್ತಲಾದ ಮೇಲೆ ಒಡೆಯ ಬಾಯ್ತಪ್ಪಿ ಅದನ್ನು ಹಾವು ಅಂದರೆ ಅವನಿಗೇ ಕಚ್ಚುತ್ತದೆ. ಆಟ ಆಡುವವರು ಮೇಜಿನ ಮುಂದೆ ಕೂತು ಮಾತಾಡುವಾಗಲೇ ತಪ್ಪುತ್ತಾರೆ, ನೀವು ದಾಳ ಹಾಕುವುದೂ ಬೇಡ. ಹಾಗೇ ಮಾಯದ ಗಾಜಿನ ಬಳೆ ಇದ್ದರೆ ‘ಹೆಚ್ಚಿತು’ ಅಂತ ಮಾತ್ರ ಹೇಳಿ. ಗೊತ್ತಿಲ್ಲದವರು ಶಕ್ತಿ ಹೆಚ್ಚಿತು ಅಂದುಕೊಳ್ಳಲಿ.

ಜೋಳದರೊಟ್ಟಿ
ಇದು ಖರೇ ಮಾತು. ಬಾಗಿಲಿಗೆ ‘ನಾಳೆ ಬಾ’ ಅಂತ ಬರೀತಿದ್ರಲ್ರಿ, ದೆವ್ವ ಬಂದು ಓದಿ ವಾಪಸ್ ಹೋಗ್ಲಿ ಅಂತ. ಹಂಗ ಮಾತ ಹೆಸರಾಗಬೇಕು. ಒಂದು ಬಾಗಿಲ ಹಲಗಿ ಇಡ್ರಿ, ಹೆಸರು ನಾಳೆಬಾ. ಒಂದು ರಾತ್ರಿ ಯಾವ ದೆವ್ವನೂ ಒಳಗ ಬರಂಗಿಲ್ಲ, ಆದ್ರ ಮರುದಿನ ಎಲ್ಲಾ ಕೂಡಿ ಬರತಾವ.

ಒರೆಗಲ್ಲು
ನಾಳೆಬಾ ಪಟ್ಟಿಯಲ್ಲಿ ಇರಲೇಬೇಕು. ಕನ್ನಡಿಗೂ ಅಲ್ಲೇ ಹೆಸರು ಸಿಕ್ಕಿತು: ನಾಳೆಗನ್ನಡಿ. ದರ್ಪಣ, ಭವಿಷ್ಯ ಎರಡೂ ಹೋದವು.

ಗಿಂಡಿಗೆ ‘ಮೂರುಗುಟುಕಿನ ಗಿಂಡಿ’ ಸಾಕಾಗಬಹುದು, ಲೆಕ್ಕ ಬಂತು. ಆದರೆ ನಿಮ್ಮ ಕಟ್ಟಳೆಯಲ್ಲಿ ‘ಮಳೆ’ ಎಂಬುದು ತುಂಬಾ ಸಡಿಲ. ಘಟ್ಟದಲ್ಲಿ ನಾಲ್ಕು ತಿಂಗಳು ದಿನವೂ ತುಂಬಿಕೊಂಡರೆ ಅದಕ್ಕೆ ಬೆಲೆ ಇಲ್ಲ. ರೈತರ ಲೆಕ್ಕದಲ್ಲಿ ಮಳೆಗೆ ನಕ್ಷತ್ರದ ಹೆಸರಿದೆಯಲ್ಲ, ಒಂದೊಂದು 13–14 ದಿನ: ಮೃಗಶಿರ, ಆರಿದ್ರ, ಪುನರ್ವಸು, ಹೀಗೆ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಎಂಬ ನಂಬಿಕೆ ಇದ್ದೇ ಇದೆ. ಸ್ವಾತಿ ಬರುವುದು ಅಕ್ಟೋಬರ್ ಕೊನೆಗೆ. ಗಿಂಡಿ ಸ್ವಾತಿ ಮಳೆಗೆ ಮಾತ್ರ ತುಂಬುವುದಾದರೆ ವರ್ಷಕ್ಕೆ ಮೂರೇ ಗುಟುಕು. ಹೆಸರು ಸ್ವಾತಿಗಿಂಡಿ. ಆ ಮಳೆ ತಪ್ಪಿದ ವರ್ಷ ಏನಾಗುತ್ತದೆ ಎಂಬುದೇ ಒಂದು ಕಥೆ.

ಸಂಧಿವಿಗ್ರಹಿ
ಸ್ವಾತಿಗಿಂಡಿ ಅರಿಸಮಾಸ. ಹೇಳಿದ್ದೇನೆ, ಜಗಳಕ್ಕೆ ಬರುವುದಿಲ್ಲ. ‘ಸ್ವಾತಿಯ ಗಿಂಡಿ’ ಎಂದು ಬಿಡಿಸಿ ಬರೆದರೆ ಯಾರಿಗೂ ತಕರಾರಿಲ್ಲ.

ಪಗಡೆಕಾಯಿ
ಉಳಿದದ್ದು ಮಾತಿಗೆ ತಪ್ಪಿದರೆ ಉರಿಯುವ ಕತ್ತಿ. ಉರಿಗತ್ತಿ ಚೆಂದವಿದೆ, ಆದರೆ ಒರೆಗಲ್ಲು ಹೇಳಿದ ಹಾಗೆ ಅದರಲ್ಲಿ ಉರಿ ಬಂತು, ಕಟ್ಟಳೆ ಬರಲಿಲ್ಲ.

ಸಂಧಿವಿಗ್ರಹಿ
ಇದಕ್ಕೆ ಬಿರುದಾವಳಿಯ ದಾರಿ ಹಿಡಿಯಬಹುದು. ವಿಜಯನಗರದ ಅರಸರಿಗೆ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದಿತ್ತು. ಭಾಷೆ ಎಂದರೆ ಕೊಟ್ಟ ಮಾತು, ಮಾತಿಗೆ ತಪ್ಪುವ ರಾಜರನ್ನು ಮಣಿಸುವವನು ಎಂದರ್ಥ. ನಿಮ್ಮ ಕತ್ತಿಯ ಕಟ್ಟಳೆ ಪೂರ್ತಿ ಇದರಲ್ಲಿದೆ.

ಕೋಡುಬಳೆ
‘ಗಂಡ’ ಅಂತ ಓದಿದ ಕೂಡಲೇ ಐದರಲ್ಲಿ ನಾಲ್ಕು ಜನ ನಗುತ್ತಾರೆ. ರಾಯರ ಗಂಡ ಅಂದರೆ ಯಾರ ಮನೆಯವರು ಅಂತ.

ಸಂಧಿವಿಗ್ರಹಿ
ಅದಕ್ಕೇ ಹೆಸರಾಗಿ ಬೇಡ, ಅಲಗಿನ ಮೇಲೆ ಕೆತ್ತಿದ ಸಾಲಾಗಿ ಇರಲಿ: ‘ಭಾಷೆಗೆ ತಪ್ಪುವರ ಗಂಡ’. ಓದಿದವರು ನಕ್ಕು ಮುಂದೆ ಹೋಗುತ್ತಾರೆ. ಸುಳ್ಳು ಪ್ರಮಾಣ ಮಾಡಿದ ದಿನ ಅರ್ಥವಾಗುತ್ತದೆ. ಹೆಸರಿಗೆ ಆಜ್ಞೆಯ ತದ್ಭವ ‘ಆಣೆ’ ಇದೆ. ಆಣೆಗತ್ತಿ.

ಘಟ್ಟದಕೆಳಗೆ
ಬರೆದಾಗ ಚೆಂದ. ಬಾಯಲ್ಲಿ ಹೇಳಿದರೆ ಅರ್ಧ ಜನಕ್ಕೆ ಆನೆಗತ್ತಿ ಅಂತ ಕೇಳ್ತದೆ ಮಾರಾಯ್ರೆ. ಣ, ನ ಬೇರೆ ಮಾಡಿ ಹೇಳುವವರು ಎಷ್ಟು ಮಂದಿ ಉಂಟು?

ಒರೆಗಲ್ಲು
ನನ್ನದೇ ಪರೀಕ್ಷೆಯಲ್ಲಿ ಬೀಳುತ್ತದೆ, ಹೌದು. ಬರೆಸಿ ನೋಡಿದರೆ ಆನೆ ಬರುತ್ತದೆ. ಬದಲಿಗೆ ‘ಮಾತುಗತ್ತಿ’? ‘ನುಡಿಗತ್ತಿ’?

ಜೋಳದರೊಟ್ಟಿ
ನುಡಿಗತ್ತಿ ಅಂದ್ರ ಭಾಷಣ ಮಾಡೂ ಕತ್ತಿ ಅನಸ್ತೈತಿ.

ಕಲ್ಲುಗಿಂಡಿ
ಆಣೆಗತ್ತಿಯನ್ನೇ ಇಟ್ಟುಕೊಳ್ಳುತ್ತೇನೆ, ತಪ್ಪಾಗಿ ಕೇಳಿಸುವುದನ್ನೂ ಸೇರಿಸಿ. ಪಟ್ಟಿ ಈಗ ಹೀಗಿದೆ: ಆಣೆಗತ್ತಿ, ಬೆಳ್ಳಿ ಕಾಲುಂಗುರ, ಸ್ವಾತಿಯ ಗಿಂಡಿ, ನಾಳೆಗನ್ನಡಿ, ಹುಳ, ನಾಳೆಬಾ, ಬಾಳು, ಪೊಂಬಿಲ್. ಕೋಟೆಯ ಹನ್ನೆರಡು ವಸ್ತುಗಳನ್ನು ತಲವಾರ, ಖಂಜರ ಅಂತ ತಿದ್ದಬೇಕು. ಝರ್ಕೋನ್ ಕಡಲಾಚೆಯದು ಅಂತ ಮಾಡಿ ಬಂದರಿಗೆ ಸಾಗಿಸಿದ್ದೇನೆ. ಅಲ್ಲಿನ ಹಮಾಲರು ಅದನ್ನು ‘ಜರಕೋಲು’ ಅಂತ ಕರೆಯುತ್ತಾರೆ.

ಆಣೆಗತ್ತಿ ಬಿದ್ದಿರುವುದು ಘಟ್ಟದ ಒಂದು ಊರಿನ ಗುಡಿಯಲ್ಲಿ. ಊರವರೆಲ್ಲ ಅದನ್ನು ಆನೆಗತ್ತಿ ಅನ್ನುತ್ತಾರೆ. ಹಿಂದೆ ಒಬ್ಬ ರಾಜ ಇದರಿಂದ ಆನೆಯ ಸೊಂಡಿಲು ಕಡಿದ ಅಂತ ಕಥೆ ಹೇಳುತ್ತಾರೆ, ಕಂಬದ ಮೇಲೆ ಆನೆಯ ಚಿತ್ರವೂ ಇದೆ. ಅಲಗಿನ ಸಾಲು ಓದಲು ಬರುವವರು ಊರಲ್ಲಿ ಯಾರೂ ಇಲ್ಲ.

ಘಟ್ಟದಕೆಳಗೆ
ಪೂಜಾರಿಗೆ ಓದಲು ಬರ್ತದೆ. ಹೇಳುವುದಿಲ್ಲ.